ಸದ್ದಿಲ್ಲದ ಬಲೆ

ಒಂದಾನೊಂದು ಕೊಲ್ಲಿ. ಅದರ ನೀರು ಪೂರ್ತಿ ಉಪ್ಪಲ್ಲ, ಪೂರ್ತಿ ಸಿಹಿಯೂ ಅಲ್ಲ. ದಂಡೆಯ ಮೇಲೊಬ್ಬ ಕುರುಡು ಮುದಿ ಅರಸ. ಹತ್ತು ಬೆರಳೇ ಅವನಿಗೆ ಹತ್ತು ಕಣ್ಣು. ಹೆಸರು ಥಾಡಿಯಸ್. ಸಿಂಹಾಸನವೆಂದರೆ ಮಡಚುವ ಕುರ್ಚಿ, ರಾಜ್ಯವೆಂದರೆ ಚೆಸಪೀಕ್ ಕೊಲ್ಲಿಯೊಳಕ್ಕೆ ಚಾಚಿದ ಮರದ ಧಕ್ಕೆಯ ತುದಿ. ಆ ಭಾನುವಾರ ಅವನ ರಾಣಿ ವರ್ಲೀನ್ ಒಬ್ಬ ಸುಳ್ಳು ರಾಜಕುಮಾರನನ್ನು ಕರೆತಂದಿದ್ದಳು.

“ಜಾಸ್ತಿ ಮಾತಾಡ್ಬೇಡ ಕಣಪ್ಪ,” ಕಾರಿನ ಮರೆಯಲ್ಲಿ ನಿಂತು ಅವಳು ಕ್ಲಿಫ್ಟನ್‌ಗೆ ಪಿಸುಗುಟ್ಟಿದಳು. “ನಿನ್ನ ಗಂಟಲು ಕಟ್ಟಿದೆ ಅಂತ ಅವರಿಗೆ ಹೇಳಿದೀನಿ. ಒಂದೇ ಒಂದ್ಸಲ ‘ಅಪ್ಪಾ’ ಅಂದ್ಬಿಡು, ಸಾಕು. ಮಾತು ಕೊಡ್ತೀಯಾ?”

“ಕೊಟ್ಟೆ. ನಿಮ್ಮ ಮಗ ಬರೋದೇ ಇಲ್ವಾ?”

“ದೂರ ಇದಾನೆ,” ಎಂದು ಅವಳು ಮುಸುಕಿನ ಜೋಳದ ತೆನೆಗಳ ಚೀಲ ಎತ್ತಿಕೊಂಡಳು.

ಶಾಲೆ ತೆರೆಯುವ ಮುಂಚಿನ ಭಾನುವಾರ ಮನೆಮಂದಿಯೆಲ್ಲ ಏಡಿ ಹಿಡಿಯಲು ಬರುವುದು ಅಲ್ಲಿನ ವಾಡಿಕೆ. ಒಂದು ಕಾಲಕ್ಕೆ ಥಾಡಿಯಸ್‌ನ ಮನೆಯವರೇ ಅರ್ಧ ಧಕ್ಕೆ ತುಂಬುತ್ತಿದ್ದರು. ಈಗ ಮನೆಯಲ್ಲಿ ಇಬ್ಬರೇ. ಮಗ ರಾಲಿನ್ ಹಡಗುಗಳನ್ನು ಎಳೆಯುವ ಟಗ್ ಬೋಟಿನ ಕೆಲಸಕ್ಕೆ ಹೋದವನು. “ಈ ಸಲ ಅವನು ಬರ್ತಾನಾ?” ಎಂದು ಮುದುಕ ಕೇಳಿದ್ದ. “ಬರ್ತಾನೆ,” ಎಂದುಬಿಟ್ಟಿದ್ದಳು ವರ್ಲೀನ್. ಆಮೇಲೆ ಮೀನಂಗಡಿಗೆ ಹೋಗಿ, ಅಲ್ಲಿ ಮಂಜುಗಡ್ಡೆ ಒಡೆಯುತ್ತಿದ್ದ, ಊರಿಗೆ ಹೊಸಬನಾದ ಕ್ಲಿಫ್ಟನ್‌ನ ಕೈ ಹಿಡಿದುಕೊಂಡು ಬೇಡಿದ್ದಳು.

ಅವನು ಒಪ್ಪಿದ್ದಕ್ಕೂ ಕಾರಣವಿತ್ತು. ಅನಾಥಾಲಯದಲ್ಲಿ ಬೆಳೆದು, ಕಂಡವರ ಏಡಿದೋಣಿಗಳಲ್ಲಿ ದುಡಿದು ತಲೆ ನರೆತಿದ್ದರೂ, ‘ಅಪ್ಪಾ’ ಎಂಬ ಆ ಒಂದು ಮಾತನ್ನು ಅವನ ಬಾಯಿ ಯಾರಿಗೂ ಆಡಿರಲಿಲ್ಲ.

ಮುದುಕ ಏಡಿಯ ಆಮಿಷಕ್ಕೆಂದು ಕೋಳಿಯ ಕುತ್ತಿಗೆ ಕಟ್ಟಿದ ದಾರವನ್ನು ನೀರಿಗಿಳಿಸಿ, ಬೆರಳ ಮೇಲೆ ಹಾಯಿಸಿಕೊಂಡು ಕೂತ.

“ಬಂದ ನೋಡು ನೆಂಟ,” ಎಂದ.

ದಾರ ಇಂಚಿಂಚಾಗಿ ಮೇಲೆ ಬಂತು. ತಿನ್ನುವ ಗುಂಗಿನಲ್ಲಿದ್ದರೂ ಏಡಿ ಕಿವುಡಲ್ಲ. ನೀರು ಚೂರು ಕದಡಿದರೆ ಬಿಟ್ಟು ಓಡುತ್ತದೆ. ಕ್ಲಿಫ್ಟನ್ ಉದ್ದ ಹಿಡಿಯ ಬಲೆಯನ್ನು ಅಡಿಯಿಂದ ತೇಲಿಸಿ ಎತ್ತಿದ. ನೀರಿಗೇ ಗೊತ್ತಾಗಲಿಲ್ಲ.

“ಉಗುರಿಗೆ ಕೆಂಪು ಬಳ್ಕೊಂಡು ಬಂದಿದಾಳೆ ವಯ್ಯಾರಿ,” ವರ್ಲೀನ್ ನಕ್ಕಳು. “ಹೆಣ್ಣೇಡಿ. ಬಿಟ್ಬಿಡು, ಮನೆಗೆ ಹೋಗ್ಲಿ.”

“ನೀನೂ ಬಳ್ಕೊಂಡೇ ಬಂದಿದ್ದೆ ಮಾರಾಯ್ತಿ. ನಾನೇ ಬಿಡಲಿಲ್ಲ.”

“ಬಿಟ್ಟಿದ್ರೆ ಬದುಕ್ಕೋತಿದ್ದೆ!”

ಮುಂದಿನವೆಲ್ಲ ಗಂಡು. ಒಂದಾದ ಮೇಲೊಂದು ಬುಟ್ಟಿಗೆ ಬಿದ್ದವು. ಪ್ರತಿ ಸಲ ದಾರ ಹಗುರಾದಾಗ ಮುದುಕನ ಬೆರಳು ಒಂದು ಗಳಿಗೆ ನಿಲ್ಲುತ್ತಿತ್ತು. ಪ್ರತಿ ಸಲ ಕ್ಲಿಫ್ಟನ್‌ನ ನಾಲಿಗೆಯ ತುದಿಗೆ ಬಂದ ಮಾತು ಹಾಗೇ ಹಿಂದಕ್ಕೆ ಸರಿಯುತ್ತಿತ್ತು. ಧಕ್ಕೆಯ ತುಂಬ ಮಕ್ಕಳು “ಅಪ್ಪಾ, ಇಲ್ನೋಡು! ಅಪ್ಪಾ!” ಎಂದು ಕೂಗುತ್ತಿದ್ದರು. ಈ ತುದಿಯಲ್ಲಿ ಮಾತ್ರ ಅಲೆಯ ಸದ್ದು.

“ಹೇಗಿದೆ ಮಗನ ಕೈ?” ವರ್ಲೀನ್ ಕೇಳಿದಳು, ಕ್ಲಿಫ್ಟನ್‌ನನ್ನು ಕಣ್ಣಲ್ಲೇ ಬೇಡುತ್ತ.

“ಚೆನ್ನಾಗಿ ಪಳಗಿದ ಕೈ,” ಎಂದ ಮುದುಕ.

ಅವಳು ಬುಟ್ಟಿ ಎತ್ತಿಕೊಂಡು ಕಾರಿನ ಬಳಿ ಒಲೆ ಹಚ್ಚಲು ಹೋದಳು. ಹೆಜ್ಜೆಯ ಸಪ್ಪಳ ಅಡಗಿದ ಮೇಲೆ ಮುದುಕ ಕ್ಲಿಫ್ಟನ್‌ನತ್ತ ತಿರುಗಿದ.

“ರಾಲಿನ್ ಬಲೆ ಹಾಕಿದ್ರೆ ದೋಣಿ ಮಗುಚಿದ ಹಾಗೆ ಸದ್ದಾಗ್ತಿತ್ತಪ್ಪ. ಹುಟ್ಟಿದಾಗಿಂದ ಒಂದು ಏಡೀನೂ ಸಿಕ್ಕಿರಲಿಲ್ಲ ಅವನಿಗೆ. ನೀನು ಯಾರ ಮಗ?”

ಕ್ಲಿಫ್ಟನ್ ಬಲೆಯನ್ನು ಹಲಗೆಯ ಮೇಲಿಟ್ಟ. “ಯಾರ ಮಗನೂ ಅಲ್ಲ, ಯಜಮಾನ್ರೇ. ತಪ್ಪಾಯ್ತು. ಅವರು ಬರೋಕಾಗಲಿಲ್ಲ, ದೂರ ಇದಾರಂತೆ, ಅದಕ್ಕೇ...”

“ದೂರಾನೇ. ಅವನ ಟಗ್ ಮುಳುಗಿದ್ದು ಹೋದ ಚಳಿಗಾಲದಲ್ಲಿ.”

ಕ್ಲಿಫ್ಟನ್ ಕಾರಿನ ಬಳಿ ಒಲೆ ಹಚ್ಚುತ್ತಿದ್ದವಳತ್ತ ತಿರುಗಿ ನೋಡಿದ.

“ಊರವರ ಬಾಯಿ ಕಟ್ಟಿದಾಳೆ. ನಲ್ಲಿ ಜೋರಾಗಿ ಬಿಟ್ಕೊಂಡು ಅಳ್ತಾಳೆ. ನನ್ನ ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ಬಾಯಿಬಿಡ್ಲಿ, ಇಬ್ರೂ ಕೂತು ಅಳೋಣ ಅಂತಲೇ ಕೇಳಿದ್ದೆ, ಈ ಸಲ ಬರ್ತಾನಾ ಅಂತ. ‘ಬರ್ತಾನೆ’ ಅಂದ್ಬಿಟ್ಟಳು.”

“ಗೊತ್ತು ಅಂತ ನೀವೇ ಹೇಳ್ಬಿಡಬಹುದಲ್ವಾ?”

“ಅವಳ ಪಾಲಿಗೆ ಅವನು ಇನ್ನೂ ಉಸಿರಾಡ್ತಿರೋದು ನನ್ನ ತಲೆಯೊಳಗೆ ಮಾತ್ರ. ಅಲ್ಲೂ ಮುಳುಗಿಸ್ಲಾ?”

ಹಲಗೆಗಳು ಕಿರುಗುಟ್ಟಿದವು. ವರ್ಲೀನ್ ಹಿಂದಿರುಗುತ್ತಿದ್ದಳು. ಮುದುಕ ದಾರ ಸುತ್ತತೊಡಗಿದ.

“ಅಪ್ಪಾ,” ಎಂದ ಕ್ಲಿಫ್ಟನ್, ಅವಳಿಗೆ ಕೇಳುವಷ್ಟು ಗಟ್ಟಿಯಾಗಿ, “ಏಳು, ಅಮ್ಮ ಬಂದಳು.”