ಕಿಟಕಿಯವರೆಗೆ ಬಂದ ನೀರು

ಆಟೋದಿಂದ ಇಳಿಸಿದ ಅಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಯಶೋಧರಾ ಒಂದು ಕಡೆ, ಮನೆ ಮಾರುತ್ತಿದ್ದ ಕುಮಾರ್ ಇನ್ನೊಂದು ಕಡೆ ಹಿಡಿದು ಒಳಗೆ ತಂದರು. ಅದನ್ನು ನೋಡಿದ ಕುಮಾರನ ತಾಯಿ ಜಯಲಕ್ಷ್ಮಮ್ಮ ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟರು. ಕೊಳ್ಳುವವರ ಮನೆಯಲ್ಲಿ ಕಾಲು ಸ್ವಾಧೀನವಿಲ್ಲದ ಹಿರಿಯರೊಬ್ಬರಿದ್ದಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಯಶೋಧರಾಗೆ ಮನೆ ಹಿಡಿಸಿಬಿಟ್ಟಿತ್ತು. ಪಾಂಡವಪುರದಲ್ಲಿ ನರ್ಸ್ ಆಗಿದ್ದ ಅವಳು ಎರಡು ವರ್ಷದಿಂದ ರಜೆ ಸಿಕ್ಕಾಗಲೆಲ್ಲ ಮನೆ ಹುಡುಕುತ್ತಿದ್ದಳು. ಮೈಸೂರಿನ ಕಡೆ ಕೈಗೆಟುಕುತ್ತಿರಲಿಲ್ಲ. ಇನ್ನು ಕೆಲವು ಕಡೆ ಇವರು ಯಾವ ಜನ ಎಂದು ವಿಚಾರಿಸಿಕೊಂಡ ಮಾರನೆಯ ದಿನವೇ ಮನೆ ಬೇರೆಯವರಿಗೆ ಮಾತಾಗಿಬಿಡುತ್ತಿತ್ತು. ಶ್ರೀರಂಗಪಟ್ಟಣದ ಹೊರಗೆ, ಹೊಳೆಗೆ ಹತ್ತಿರದ ಈ ಬಡಾವಣೆಯಲ್ಲಿ ಮಾತ್ರ ಅವಳ ಸಂಬಳಕ್ಕೆ ಒಗ್ಗುವ ಮನೆ ಸಿಕ್ಕಿತ್ತು. ಕೆಳಗಿನ ರೂಮು ಅಪ್ಪನಿಗೆ ಹೇಳಿ ಮಾಡಿಸಿದಂತಿತ್ತು. ಗೋಡೆಗಳಿಗೆ ಹೊಸದಾಗಿ ಹಳದಿ ಬಣ್ಣ ಬಳಿಸಿದ್ದರು. ಬೆಳ್ಳೂರು ಕ್ರಾಸಿನಲ್ಲಿ ಅಂಗಡಿ ಇಡುವ ಆತುರದಲ್ಲಿದ್ದ ಕುಮಾರ್, ಇವತ್ತೇ ಅಡ್ವಾನ್ಸ್ ಕೊಟ್ಟರೆ ಒಳ್ಳೆಯದು ಎಂದ. ಅವಳು ಚೆಕ್ ಪುಸ್ತಕ ತೆಗೆದಳು.

"ಒಸಿ ತಡಿಯವ್ವ," ಎಂದರು ಜಯಲಕ್ಷ್ಮಮ್ಮ.

ಬೀಗದ ಕೈ ತೆಗೆದುಕೊಂಡು ಕಿಟಕಿಯ ಬಳಿ ಹೋದವರೇ ಎದೆಮಟ್ಟದಲ್ಲಿ ಗೋಡೆಯನ್ನು ಕೆರೆಯತೊಡಗಿದರು. ಬಣ್ಣ ಉದುರಿತು. ಅದರಡಿಯಿಂದ ಒಂದು ಕಂದು ಗೆರೆ ಮೇಲೆದ್ದು ಬಂತು. ಕುಮಾರ್ ಓಡಿಬಂದು ತಾಯಿಯ ಕೈ ಹಿಡಿದ.

"ಬುಡ್ಲಾ ಕೈಯ. ನೋಡವ್ವ, ಮ್ಯಾಲಿನ ಕಟ್ಟೆ ತುಂಬಿ ಹೊಳೇಗೆ ನೀರು ಬುಟ್ಟಾಗ ಇಲ್ಲೀಗಂಟ ಬಂದಿತ್ತು. ಬಂದಿದ್ದು ಒಂದೇ ಸಲ, ನಿಜ. ಇನ್ನೊಂದ್ಸಲ ಬರಾಕಿಲ್ಲ ಅಂತ ನಾನೆಂಗೆ ಹೇಳ್ಲಿ? ನಾನೇನೋ ಮೆಟ್ಲು ಹತ್ತಿ ಓಡ್ದೆ. ಇವರನ್ನ ಯಾರು ಎತ್ಕೊಂಡು ಓಡ್ತಾರೆ?"

ಕುಮಾರ್ ಕೈ ಬಿಟ್ಟು, ಜಗಲಿಗೆ ಹೋಗಿ ಬೆನ್ನು ಹಾಕಿ ನಿಂತ. ಮನೆ ಒಂದು ವರ್ಷದಿಂದ ಮಾರಾಟವಾಗದೆ ಉಳಿದಿದೆ, ಇದು ಹೋಗದೆ ಅಂಗಡಿಯಿಲ್ಲ ಎಂದು ಬರುವ ದಾರಿಯಲ್ಲಿ ಅವನೇ ಹೇಳಿದ್ದ. ತಾಯಿ ಒಂದು ಮಾತು ನುಂಗಿಕೊಂಡಿದ್ದರೆ ಮಾರಾಟ ಆಗಿಹೋಗುತ್ತಿತ್ತು. ಮಗನ ಅಂಗಡಿಯನ್ನು ಪಣಕ್ಕಿಟ್ಟು, ಹತ್ತು ನಿಮಿಷದ ಹಿಂದೆ ಕಂಡ ಮುದುಕನ ಜೀವದ ಬಗ್ಗೆ ಯೋಚಿಸಿದ ಹೆಂಗಸನ್ನು ಯಶೋಧರಾ ನೋಡಿದಳು. ಚೆಕ್ ಪುಸ್ತಕ ಮುಚ್ಚಿದಳು.

ಮಾತಾಡಿದವರು ಅವಳ ಅಪ್ಪ ಮಂಚಯ್ಯ. ಮೇಲಿನ ರೂಮಿನಿಂದ ಹೊಳೆ ಕಾಣುತ್ತದೆಯೇ ಎಂದು ಕೇಳಿದರು. ಕಾಣುತ್ತದೆ, ಆ ನೀರು ಬಂದು ಹೋದ ಮೇಲೆಯೇ ಅಲ್ಲೊಂದು ಬಚ್ಚಲುಮನೆಯನ್ನೂ ಕಟ್ಟಿಸಿದೆ ಎಂದರು ಜಯಲಕ್ಷ್ಮಮ್ಮ.

ಮಂಚಯ್ಯ ಮಗಳ ಕಡೆ ತಿರುಗಿದರು. "ಕೆ.ಆರ್. ಪೇಟೇಲಿ ಲೈನ್‌ಮನ್ ಆಗಿ ಮೂವತ್ತು ವರ್ಸ ಕಂಬದ ಮ್ಯಾಲೇ ಕಾಲ ಕಳ್ದೋನು ನಾನು. ನನ್ನ ಮ್ಯಾಲೇ ಮಡಗ್ಬುಡು. ಇಂಥದ್ನೇ ಹೇಳಿದೋರು ಇನ್ನೇನ ಮುಚ್ಚಿಡ್ತಾರೆ? ಈ ಮನೇನೇ ತಗಳವ್ವ."

ಯಶೋಧರಾ ನರ್ಸ್ ಆಗಿ ಯೋಚಿಸಿದಳು. ಸ್ನಾನಕ್ಕೆ ತೊಂದರೆಯಿಲ್ಲ. ತಪಾಸಣೆಗೆ ತಿಂಗಳಿಗೊಮ್ಮೆ ಇಳಿಸಿದರೆ ಸಾಕು. ಆದರೂ ಮೊದಲು ಮೇಲೆ ಹತ್ತಿಸಿ ನೋಡೋಣ ಎಂದಳು. ಆಟೋದವನನ್ನು ಕೂಗಲು ಬಾಗಿಲಿಗೆ ಬಂದಳು. ಅಷ್ಟರಲ್ಲಿ ಕುಮಾರ್ ತಾನಾಗಿ ಒಳಗೆ ಬಂದು, ಕುರ್ಚಿಯ ಬೆನ್ನು ಹಿಡಿದ.

ಮುಂದಿನ ಕಾಲುಗಳನ್ನು ಯಶೋಧರಾ ಹಿಡಿದಳು. ಹದಿನಾಲ್ಕು ಮೆಟ್ಟಿಲು. ಕುಮಾರ್ ಹಿಂದುಹಿಂದಕ್ಕೆ ಹತ್ತುತ್ತ, ಭಾರವನ್ನೆಲ್ಲ ತನ್ನ ಕಡೆಗೇ ಎಳೆದುಕೊಂಡ. ಒಮ್ಮೆಯೂ ಕುರ್ಚಿ ಓಲಾಡಲಿಲ್ಲ. ಮೇಲೆ ಕಿಟಕಿಗೆ ಮುಖ ಮಾಡಿ ಇಳಿಸಿದರು. ತೋಟಗಳಾಚೆ ಕಾವೇರಿ ಬಂಡೆಗಳ ನಡುವೆ ಶಾಂತವಾಗಿ ಹರಿಯುತ್ತಿದ್ದಳು. ಮಂಚಯ್ಯ ಅತ್ತ ನೋಡುತ್ತ ಎಲ್ಲವನ್ನೂ ಮರೆತಿದ್ದರು. ಅವರ ಕಾಲುಗಳು ಒಂದರ ಮೇಲೊಂದು ತಿರುಚಿಕೊಂಡಿದ್ದವು, ಅದು ಅವರಿಗೇ ಗೊತ್ತಿರಲಿಲ್ಲ. ಕುಮಾರ್ ಮಂಡಿಯೂರಿ ಕುಳಿತು, ಆ ಎರಡು ಪಾದಗಳನ್ನೂ ಕೈಯಲ್ಲಿ ಹಿಡಿದು ಬಿಡಿಸಿ, ಒಂದೊಂದಾಗಿ ನೆಲದ ಮೇಲೆ ನೇರವಾಗಿ ಇಟ್ಟ. ಇಟ್ಟ ಮೇಲೂ ತಲೆ ಎತ್ತಲಿಲ್ಲ.