ಹಬೀಬಾಳ ಗುಂಗುರು ಕೂದಲು

ನಾನು ಸುಳ್ಳಾಡಿದರೆ ನನ್ನ ತಲೆಯಲ್ಲಿ ಒಂದೂ ಕೂದಲು ಉಳಿಯದಿರಲಿ, ಇದು ಹಳಿಯಾಳದ ಒಂದು ಬ್ಯೂಟಿ ಪಾರ್ಲರಿನಲ್ಲಿ ನಿಜವಾಗಿ ನಡೆದದ್ದು. ಕೂದಲು ನೆಟ್ಟಗೆ ಮಾಡುವ ಕ್ರೀಮು ಇನ್ನೇನು ತಲೆಗೆ ತಾಗಬೇಕು, ಮದುಮಗಳು ಹಬೀಬಾ ಪಾರ್ಲರಿನವಳ ಕೈಯನ್ನು ಗಟ್ಟಿಯಾಗಿ ಹಿಡಿದಳು. ಹಬೀಬಾಳ ಗುಂಗುರು ಎಷ್ಟು ದಟ್ಟವೆಂದರೆ, ಪಕ್ಕದ ಸೂಪಾ ಕಾಡಿನ ಮಳೆ ಮೂರು ತಿಂಗಳು ಸುರಿದರೂ ನೆತ್ತಿಗೆ ಒಂದು ಹನಿ ಇಳಿಯುತ್ತಿರಲಿಲ್ಲ.

"ನಾಕ ದಿನಕ್ಕ ನಿಕಾಹ್ ಐತಿ. ಈ ಗುಬ್ಬಿಗೂಡು ಹೊತ್ಕೊಂಡ ನಮ್ಮ ಮನಿಗೆ ಬರಾಕಿ ಏನ?" ಎಂದಳು ಅತ್ತೆಯಾಗಲಿರುವ ಖೈರುನ್‌ಬಿ.

ಹೋದ ವರ್ಷ ಇದೇ ಕ್ರೀಮು ಹಚ್ಚಿಸಿಕೊಂಡಿದ್ದ ಹಬೀಬಾಳ ಅಕ್ಕ ರಾಹಿಲ ತನ್ನ ನೆಟ್ಟನೆಯ ಕೂದಲಿಗೆ ಕೈ ಹಾಕಿ ಎಳೆದಳು. ಒಂದು ಹಿಡಿ ಕಿತ್ತು ಬಂತು. "ನೋಡ್ರಿ. ಬುಡದಾಗ ಗುಂಗುರು ಬಂದಾಗೊಮ್ಮೆ ಮತ್ತ ಹಚ್ಚಬೇಕು. ಹಚ್ಚಿದ ಮೂರ ದಿನ ನೀರ ಮುಟ್ಟಸಂಗಿಲ್ಲ, ಕಟ್ಟಂಗಿಲ್ಲ. ಇಕಿಗೆ ವಾರಕ್ಕೊಮ್ಮೆ ಕೊಬ್ಬರಿ ಎಣ್ಣಿ, ದೊಡ್ಡ ಹಲ್ಲಿನ ಹಣಿಗಿ ಸಾಕು."

"ಮಂದಿ ನಗ್ತಾರ. ನೀ ಹಚ್ಚವ್ವಾ," ಎಂದಳು ಖೈರುನ್‌ಬಿ ಪಾರ್ಲರಿನವಳಿಗೆ.

ಹಬೀಬಾ ಕ್ರೀಮಿನ ಬಟ್ಟಲು ಕಸಿದುಕೊಂಡಳು. ಬಾಗಿಲಲ್ಲಿ ನಿಂತಿದ್ದ ಮದುಮಗ ಬಂದೇನವಾಜನ ತಲೆಯಲ್ಲೂ ಅದೇ ಗುಂಗುರು. ಇಬ್ಬರೂ ಆಫ್ರಿಕಾ ಮೂಲದ ಸಿದ್ದಿಗಳ ಮಕ್ಕಳೇ. "ಹಂಗಾರ ನಿಮ್ಮ ಮಗನ್ನ ಕೂಡಸ್ರಿ. ಮೊದಲ ಅವರ ಗೂಡು ನೆಟ್ಟಗ ಮಾಡೂಣು," ಎಂದಳು ಹಬೀಬಾ.

"ಏ, ಆ ಸುಡೂ ಔಷಧ ನನ್ನ ಮಗನ ತಲಿಗೆ ಯಾಕ?" ಎಂದುಬಿಟ್ಟಳು ಖೈರುನ್‌ಬಿ. ಅಂದ ಮೇಲೆ ತನ್ನ ಬಾಯನ್ನು ತಾನೇ ಮುಚ್ಚಿಕೊಂಡಳು.

ಆ ಗುಂಗುರಿನಲ್ಲೇ ನಿಕಾಹ್ ಆಯಿತು, ಬಿರಿಯಾನಿ ನಾನೇ ಉಂಡಿದ್ದೇನೆ. ಅನುಮಾನವಿದ್ದರೆ ನಿಮ್ಮ ಮನೆಯದನ್ನೂ ಬಡಿಸಿ, ಯಾವುದು ಹೆಚ್ಚು ರುಚಿ ಎಂದು ತೂಗಿ ಹೇಳುತ್ತೇನೆ.