ಕಾಲುವೆ ದಾರಿಯ ವಿಚಾರಣೆ

"ನೀನು ಬೆಲ್ ಹೊಡೆದೆಯೋ ಇಲ್ಲವೋ, ಅಷ್ಟು ಹೇಳಮ್ಮ ಸಾಕು," ಎಂದರು ಬಡಾವಣೆ ಸಂಘದ ಅಧ್ಯಕ್ಷರು.

"ಇಲ್ಲ ಸರ್," ಎಂದಳು ನರ್ಸ್. "ನಾನು ಬರೋ ಹೊತ್ತಿಗೆ ಅಕ್ಕ ಆಗಲೇ ಬಿದ್ದಿದ್ರು."

ಸಭಾಂಗಣದಲ್ಲಿ ಗುಸುಗುಸು ಎದ್ದಿತು. ಬೆಲ್ ಹೊಡೆದಿಲ್ಲವೆಂದು ಅವಳೇ ಒಪ್ಪಿಕೊಂಡಳಲ್ಲ. ಉಳಿದದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಅಧ್ಯಕ್ಷರು ಡ್ರೈವಿಂಗ್ ಲೈಸೆನ್ಸ್ ಪರೀಕ್ಷಕರಾಗಿ ನಿವೃತ್ತರಾದವರು. ಅರ್ಧ ಊರನ್ನು ಫೇಲು ಮಾಡಿದ ಕೀರ್ತಿ ಅವರದು. ಕಾಲುವೆ ದಂಡೆಯ ದಾರಿಯಲ್ಲಿ ನಡೆಯುವವರೂ ಸೈಕಲ್ಲಿನವರೂ ಹೇಗಿರಬೇಕು ಎಂಬ ಬೋರ್ಡು ಅವರದೇ ರಚನೆ. ಎಡಕ್ಕಿರಿ. ಬೆಲ್ ಕೇಳಿದರೆ ಜಾಗ ಬಿಡಿ. ಇಬ್ಬರಿಗಿಂತ ಹೆಚ್ಚು ಮಂದಿ ಅಕ್ಕಪಕ್ಕ ನಡೆಯಬೇಡಿ. ಈ ನಿಯಮಗಳ ಪಾಲನೆ ಆಗುತ್ತಿದೆಯೇ ಎಂದು ನೋಡಲು ಅವರು, ದಂತವೈದ್ಯರು, ಔಷಧಿ ಅಂಗಡಿಯವರು ಮತ್ತು ಕಂಟ್ರಾಕ್ಟರು ದಿನಾ ಬೆಳಿಗ್ಗೆ ಅಕ್ಕಪಕ್ಕ ನಡೆಯುತ್ತಿದ್ದರು. ಅಕ್ಕಪಕ್ಕ ನಡೆಯದಿದ್ದರೆ ಚರ್ಚೆ ಹೇಗೆ ಸಾಧ್ಯ?

ಹೋದ ವಾರ ಆ ದಾರಿಯಲ್ಲೇ ಅಧ್ಯಕ್ಷರ ಹೆಂಡತಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ದುಪಟ್ಟಾದಲ್ಲಿ ಕೈ ಕಟ್ಟಿ, ಆಟೋ ಹಿಡಿದು ಆಸ್ಪತ್ರೆಗೆ ಸೇರಿಸಿದವಳು ಈ ನರ್ಸ್. ಉಪಕಾರ ಮಾಡಿದ ತಪ್ಪಿಗೆ ಈಗ ಅವಳೇ ಆರೋಪಿ.

"ಸೈಕಲ್ಲು ಬೇಲಿಯಲ್ಲಿ ಸಿಕ್ಕಿಕೊಂಡಿತ್ತು, ಹ್ಯಾಂಡಲ್ ಸೊಟ್ಟಗಾಗಿತ್ತು," ಎಂದರು ಔಷಧಿ ಅಂಗಡಿಯವರು. "ಆಮೇಲೆ ಅಂಗಡಿಗೆ ಹೋಗುವಾಗ ನೋಡಿದೆ. ಎತ್ತುತ್ತಾ ಇದ್ದವಳು ಇವಳೇ."

"ಎತ್ತಿದ್ದು ನಾನೇ," ಎಂದಳು ನರ್ಸ್.

"ಮತ್ತೆ ನನ್ನ ಹೆಂಡತಿ ಹೇಗೆ ಬಿದ್ದಳು? ಹೇಳು."

"ಆಸ್ಪತ್ರೆಗೆ ಬಂದವರ ವಿಷಯ ನಾವು ಹೊರಗೆ ಆಡಲ್ಲ ಸರ್. ನಮ್ಮ ಕೆಲಸ ಹಾಗೆ."

"ನನ್ನ ಹೆಂಡತಿ ವಿಷಯ ನನಗೇ ಹೇಳಲ್ವಂತೆ!"

ಸಭೆ ನಕ್ಕಿತು. ಮುಂದಿನ ಸಾಲಿನಲ್ಲಿ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹೆಂಡತಿ ಮಾತ್ರ ನಗಲಿಲ್ಲ. ಮನೆಯಲ್ಲಿ ಗಂಡ ಆಗಲೇ ವಿಚಾರಣೆ ಮುಗಿಸಿದ್ದರು. ಸೈಕಲ್ ಇತ್ತಾ? ಇತ್ತು. ಬೆಲ್ ಕೇಳಿಸ್ತಾ? ಚೆನ್ನಾಗಿ ಕೇಳಿಸ್ತು. ಸವಾರರ ಮುಖ ನೋಡಿದೆಯಾ? ಇಲ್ಲ. ಅವರಿಗೆ ಅಷ್ಟು ಸಾಕಾಗಿತ್ತು. ಹೆಂಡತಿ ಬಾಯಿ ತೆರೆಯುವ ಮೊದಲೇ ಮುಂದಿನ ಪ್ರಶ್ನೆ ಕೇಳುವುದು ಅವರ ಹಳೆಯ ಪದ್ಧತಿ.

"ಇವಳು ಬೆಲ್ ಹೊಡೆದಿಲ್ಲ ಅನ್ನೋದೇ ಸುಳ್ಳು," ಅಧ್ಯಕ್ಷರು ನಗರಸಭೆಯ ಎಂಜಿನಿಯರ್ ಕಡೆ ತಿರುಗಿದರು. "ಅವತ್ತು ನಮ್ಮ ಬೆನ್ನ ಹಿಂದೇನೇ ಒಂದೇ ಸಮ ಟ್ರಿಣ್ ಟ್ರಿಣ್. ಏನು ಉದ್ಧಟತನ! ನಾವು ತಿರುಗಿ ಕೂಡ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಬೆಲ್ ನಿಂತಿತು. ಬುದ್ಧಿ ಬಂತು ಅಂದುಕೊಂಡೆವು."

"ಹೊಡೆದರೆ ಉದ್ಧಟತನ, ಹೊಡೆಯದಿದ್ದರೆ ಬೇಜವಾಬ್ದಾರಿ. ನಾವು ಏನು ಮಾಡ್ಬೇಕು ಸರ್?" ಎಂದಳು ನರ್ಸ್.

"ಇಳಿದು ತಳ್ಳಿಕೊಂಡು ಹೋಗಬೇಕು," ಎಂದರು ದಂತವೈದ್ಯರು.

ಎಂಜಿನಿಯರ್ ಗಡಿಯಾರ ನೋಡಿಕೊಂಡರು. ನಿರ್ಣಯ ಆದರೆ ಸೋಮವಾರವೇ ದಾರಿಯ ಎರಡೂ ತುದಿಗೆ ಕಬ್ಬಿಣದ ಕಂಬ ಹಾಕಿಸುವುದಾಗಿ ಹೇಳಿದರು. ಆಮೇಲೆ ಸೈಕಲ್ಲುಗಳಿಗೆ ಅಲ್ಲಿ ಪ್ರವೇಶವಿಲ್ಲ.

ನರ್ಸ್ ಎದ್ದು ನಿಂತಳು. ದನಿ ಏರಲಿಲ್ಲ. "ಆಸ್ಪತ್ರೆಗೆ ಇನ್ನೊಂದು ದಾರಿ ಅಂದ್ರೆ ಲಾರಿ ರಸ್ತೆ ಒಂದೇ ಸರ್. ನಮ್ಮ ವಾರ್ಡಿನ ಆಯಾ ಅಲ್ಲೇ ಹೋಗಿಬಿಟ್ರು. ಅವರ ಹಿಂದಿದ್ದ ಲಾರಿಯೂ ಬೆಲ್ ಹೊಡೀಲಿಲ್ಲ."

ಯಾರೂ ಅವಳ ಮುಖ ನೋಡಲಿಲ್ಲ. ಅಧ್ಯಕ್ಷರು ಕೆಮ್ಮಿದರು. "ಭಾವನೆ ಬೇರೆ, ನಿಯಮ ಬೇರೆ. ಸೈಕಲ್ ನಿಷೇಧದ ಪರ ಇರುವವರು ಕೈ ಎತ್ತಿ."

ಕೈಗಳು ಒಂದೊಂದಾಗಿ ಎದ್ದವು. ದಂತವೈದ್ಯರದು, ಕಂಟ್ರಾಕ್ಟರದು, ಔಷಧಿ ಅಂಗಡಿಯವರದು. ಹಿಂದಿನ ಸಾಲಿನವರು ಮುಂದಿನವರನ್ನು ನೋಡಿ ಎತ್ತಿದರು. ಕೊನೆಗೆ ಮುಂದಿನ ಸಾಲಿನಿಂದ ಬಿಳಿ ಪ್ಲಾಸ್ಟರಿನ ಕೈಯೊಂದು ನಿಧಾನವಾಗಿ ಮೇಲೆದ್ದಿತು.

"ನೋಡಿ ಎಂಜಿನಿಯರ್ ಸಾಹೇಬರೇ!" ಅಧ್ಯಕ್ಷರು ಆ ಕೈಯತ್ತ ಬೊಟ್ಟು ಮಾಡಿದರು. "ನೊಂದವರೇ ಕೈ ಎತ್ತಿದ್ದಾರೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?"

"ಇದು ವೋಟಲ್ಲ ರೀ, ಮಾತಾಡೋಕೆ ಎತ್ತಿದ್ದು," ಎಂದರು ಹೆಂಡತಿ. "ನನಗೆ ಯಾರೂ ಗುದ್ದಲಿಲ್ಲ. ಈ ಹುಡುಗಿಯ ಹಳೇ ಸೈಕಲ್ಲಲ್ಲಿ ಕಲೀತಾ ಇದ್ದೆ. ನಿಮ್ಮ ಬೆನ್ನ ಹಿಂದೆ ಬೆಲ್ ಹೊಡೆದೂ ಹೊಡೆದೂ, ನೀವು ನಾಲ್ಕೂ ಜನ ಜರುಗದೆ ಇದ್ದಾಗ, ಬೇಲಿಗೆ ಹೋಗಿ ಬಿದ್ದವಳು ನಾನೇ."